ಕಣ್ಣಲ್ಲೋ, ಕೈಯಲ್ಲೋ?

ನಮ್ಮ ದೊಡ್ಡಪ್ಪನ ಎದುರಿಗೆ "ಎಲ್ಲಾ ಸರಿಯಾಗಿದೆ" ಅಂತ ಹೇಳಿ, ಮನೆಗೆ ಹೋಗಿ ನೆಮ್ಮದಿಯಾಗಿ ಊಟ ಮಾಡಿದವರು ಆಲೂರು, ಸಕಲೇಶಪುರ ಎರಡು ತಾಲ್ಲೂಕಿನಲ್ಲಿ ಒಬ್ಬರಾದರೂ ಇದ್ದರೆ ತೋರಿಸಿ, ಅವರಿಗೊಂದು ಜುಬ್ಬ ಪುಕ್ಕಟೆ ಹೊಲಿದುಕೊಡುತ್ತೇನೆ! (ನಾನು ಸಕಲೇಶಪುರದಲ್ಲಿ ಟೈಲರಿಂಗ್ ಅಂಗಡಿ ಇಟ್ಟವಳು. ಕೊಡೋದಕ್ಕೆ ನನ್ನ ಹತ್ತಿರ ಇರುವುದು ಅದೇ.)

ದೊಡ್ಡಪ್ಪ ವಿಧಾನ ಪರಿಷತ್ತಿನ ಸದಸ್ಯರು. ಸರ್ಕಾರ ಮಾಡುತ್ತೇನೆ ಅಂದದ್ದನ್ನು ಮಾಡಿದೆಯೋ ಇಲ್ಲವೋ ನೋಡುವುದು ಸದಸ್ಯರ ಕೆಲಸವಂತೆ. ಬೇರೆಯವರು ಸದನದಲ್ಲಿ ಪ್ರಶ್ನೆ ಕೇಳಿ, ಉತ್ತರದ ಕಾಗದ ಮಡಚಿ ಜೇಬಿಗೆ ಹಾಕಿಕೊಂಡು ಕಾಫಿಗೆ ಹೋಗುತ್ತಾರೆ. ನಮ್ಮವರು ಉತ್ತರ ಬಂದ ಮೇಲೇ ಶುರು ಮಾಡುವುದು! ಯಾರೇ "ನೋಡಿದೀನಿ ಸಾರ್" ಅನ್ನಲಿ, ಇವರ ಮರುಪ್ರಶ್ನೆ ಒಂದೇ: "ಕಣ್ಣಲ್ಲೋ, ಕೈಯಲ್ಲೋ?"

ಇದು ಅಧಿಕಾರಿಗಳಿಗೆ ಮಾತ್ರ ಅಂದ್ಕೊಂಡ್ರಾ? ಮನೆಯಲ್ಲಿ ದೊಡ್ಡಮ್ಮನಿಗೂ ಬಿಡುಗಡೆ ಇಲ್ಲ.

"ಗ್ಯಾಸ್ ಆಫ್ ಆಗೈತೇನೇ?"

"ಆಗೈತೆ, ನೋಡಿದೀನಿ."

"ಕಣ್ಣಲ್ಲೋ, ಕೈಯಲ್ಲೋ?"

"ಸೌಟಲ್ಲಿ! ಹತ್ರ ಬನ್ನಿ, ನಿಮಗೂ ತೋರಿಸ್ತೀನಿ."

ದೊಡ್ಡಪ್ಪ ಹತ್ತಿರ ಹೋಗುವುದಿಲ್ಲ. ಎಲ್ಲಿ ಪರಿಶೀಲನೆ ನಿಲ್ಲಿಸಬೇಕು ಅನ್ನುವ ವಿವೇಕ ಅವರಿಗೆ ಅಲ್ಲಿ ಮಾತ್ರ ಉಂಟು.

ಆಲೂರಿನ ಒಂದು ಮದುವೆಗೆ ಹೋಗಿದ್ದೆವು. ಛತ್ರದ ಗೋಡೆಯಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರು ನೇತಾಡುತ್ತಿತ್ತು. ದೊಡ್ಡಪ್ಪನ ಕಣ್ಣು ಮದುಮಕ್ಕಳನ್ನು ದಾಟಿ ಅದರ ಮೇಲೆ ನೆಟ್ಟಿತು. "ಹೋದ ತಿಂಗಳೇ ಚೆಕ್ ಮಾಡಿದೀವಿ ಸಾಹೇಬ್ರೆ," ಅಂದ ಛತ್ರದ ಮ್ಯಾನೇಜರು. ಪಾಪ, ಸುಮ್ಮನಿರಬಹುದಿತ್ತು. ದೊಡ್ಡಪ್ಪ ಸಿಲಿಂಡರು ಇಳಿಸಿ, ಪಿನ್ನು ಕಿತ್ತು, ಹಿಡಿ ಒತ್ತಿಯೇಬಿಟ್ಟರು. ಮೊದಲ ಪಂಕ್ತಿಯ ಎಲೆ, ಕೋಸಂಬರಿ, ಗಂಡಿನ ಸೋದರಮಾವ ಎಲ್ಲಾ ಬೆಳ್ಳಗಾಗಿಬಿಟ್ಟವು!

"ಕೆಲಸ ಮಾಡ್ತೈತೆ. ಸಂತೋಷ," ಅಂದರು ದೊಡ್ಡಪ್ಪ.

ಸೋದರಮಾವ ರೆಪ್ಪೆ ಒರೆಸಿಕೊಂಡು, "ಬೆಂಕಿ ಎಲ್ಲೈತೆ ಸಾಹೇಬ್ರೆ?" ಅಂತ ಕೇಳಿದ. ಬೆಂಕಿ ಇತ್ತು. ದೊಡ್ಡಮ್ಮನ ಕಣ್ಣಲ್ಲಿ.

ಅಲ್ಲಿಂದ ವಾಪಸ್ ಬರುವಾಗ ದೊಡ್ಡಮ್ಮ ನಮ್ಮನ್ನು ಬಿಟ್ಟು ನೆಂಟರ ಕಾರು ಹತ್ತಿದರು. ನಾವಿಬ್ಬರು ಒಂದು ಪ್ರೈವೇಟ್ ಬಸ್ಸು ಹಿಡಿದೆವು. ಹಿಂದೆ ತುರ್ತು ಬಾಗಿಲು ಇತ್ತು. "ಇದನ್ನ ತೆಗೀರಿ ನೋಡೋಣ," ಅಂದರು. "ಅಪಾಯ ಆದ್ರೆ ಮಾತ್ರ ತೆಗೆಯೋದು ಸಾರ್," ಅಂದ ಕಂಡಕ್ಟರು. "ಈಗ ತೆಗೆಯೋಕೆ ಬರದಿದ್ದು ಆಗ ಬರುತ್ತೇನ್ರಿ?" ಮೂರು ಜನ ಸೇರಿ ಎಳೆದ ಮೇಲೆ ಬಾಗಿಲು ತೆರೆಯಿತು. ಮುಚ್ಚಲಿಲ್ಲ! ಸಕಲೇಶಪುರದವರೆಗೂ ಮೇಲ್ಮನೆಯ ಸದಸ್ಯರು ಆ ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತೇ ಬಂದರು. ನಾನು ಅವರನ್ನು ಅರಿಯದವಳ ಹಾಗೆ ಕಿಟಕಿಯಿಂದ ಆಚೆ ನೋಡುತ್ತಿದ್ದೆ.

ಇನ್ನು ಆನೆ ದೀಪದ ವಿಷಯ. ನಮ್ಮ ಕಡೆ ಕಾಫಿ ತೋಟದಲ್ಲಿ ಆನೆ ಇರುವುದು ದಿನದ ಮಾತು. ಅದಕ್ಕೇ ಕೆಲವು ತಿರುವಿನಲ್ಲಿ ಕಂಬ ನೆಟ್ಟು ಕೆಂಪು ದೀಪ ಹಾಕಿದ್ದಾರೆ. ಆನೆ ಕಂಡ ಅರಣ್ಯ ಇಲಾಖೆಯ ವಾಚರು ಆ ಕಂಬದ ನಂಬರಿಗೆ ಫೋನ್ ಮಾಡಿದರೆ ದೀಪ ಹತ್ತುತ್ತದೆ. ದೀಪ ಹತ್ತಿದ್ದರೆ ಕೆಲಸದವರು ತೋಟಕ್ಕೆ ಇಳಿಯಬಾರದು. ಇಷ್ಟೇ.

ಒಂದು ಪರಿಶೀಲನಾ ಸಭೆಯಲ್ಲಿ ಅಧಿಕಾರಿಯೊಬ್ಬರು ಎದ್ದು ನಿಂತು, "ಎಲ್ಲಾ ದೀಪಗಳೂ ಸುಸ್ಥಿತಿಯಲ್ಲಿವೆ ಸಾರ್," ಅಂತ ಓದಿದರು. "ಕಣ್ಣಲ್ಲೋ, ಕೈಯಲ್ಲೋ?" ಅಂದವರೇ ದೊಡ್ಡಪ್ಪ ಇಡೀ ಸಭೆಯನ್ನು ಎಬ್ಬಿಸಿ, ಜೀಪುಗಳಿಗೆ ತುಂಬಿ, ಬಿಸಿಲೆ ರಸ್ತೆಯ ಒಂದು ಕಂಬದ ಬುಡದಲ್ಲಿ ಇಳಿಸಿದರು. ಫೋನ್ ಮಾಡಿದರೆ ದೀಪ ಹತ್ತಲಿಲ್ಲ. "ಬ್ಯಾಟರಿ ಡಬ್ಬದೊಳಗೆ ಕೈ ಹಾಕ್ರಿ," ಅಂದರು. ಅಧಿಕಾರಿ ಹಾಕಿದರು. ಒಳಗೆ ಬ್ಯಾಟರಿ ಇರಲಿಲ್ಲ, ಕಣಜ ಗೂಡು ಕಟ್ಟಿತ್ತು. ಕಣಜ ಸುಸ್ಥಿತಿಯಲ್ಲಿತ್ತು!

ಅಂದಿನಿಂದ ಪ್ರತಿ ಸೋಮವಾರ ಬೆಳಿಗ್ಗೆ ದೀಪ ಪರೀಕ್ಷೆ. ಸೋಮವಾರ ನನ್ನ ಅಂಗಡಿಗೆ ರಜೆ, ಹಾಗಾಗಿ ಡ್ರೈವರು ನಾನೇ. ಬೇರೆ ದೀಪ ಬಿಟ್ಟರೂ ದೋಣಿಗಲ್ ಕಡೆಯ ಒಂದು ಎಸ್ಟೇಟಿನ ತಿರುವಿನ ದೀಪ ತಪ್ಪಿಸುವ ಹಾಗಿಲ್ಲ. "ಅದೇ ಯಾಕೆ ದೊಡ್ಡಪ್ಪ?" ಅಂದರೆ, "ರಸ್ತೆ ನೋಡ್ಕಂಡು ಓಡ್ಸು," ಅನ್ನುವರು. ಕಂಬದ ಕೆಳಗೆ ನಿಂತು ಫೋನ್ ಒತ್ತುವುದು, ದೀಪ ಹತ್ತುವುದು, ಲೈನಿನಿಂದ, ಅಂದರೆ ಎಸ್ಟೇಟಿನ ಕೂಲಿಯವರ ಸಾಲುಮನೆಗಳಿಂದ, ಕೆಲಸಕ್ಕೆ ಹೊರಟ ಹೆಂಗಸರು ಅಯ್ಯಯ್ಯೋ ಅಂತ ಬುತ್ತಿ ಹಿಡಿದು ಓಡುವುದು, ಇವರು "ಆನೆ ಇಲ್ಲ ಕಣ್ರಮ್ಮ, ನಾನು!" ಅಂತ ಕೂಗುವುದು. ನಾಲ್ಕು ವಾರ ಓಡಿದರು. ಆಮೇಲೆ ಓಡುವುದನ್ನು ಬಿಟ್ಟರು. ಸೋಮವಾರ ಹತ್ತಿದರೆ ಸಾಹೇಬರು, ಬೇರೆ ದಿನ ಹತ್ತಿದರೆ ಆನೆ ಅಂತ ಲೈನಿನಲ್ಲೆಲ್ಲ ತೀರ್ಮಾನವಾಯಿತು. ನಾನೂ ನಕ್ಕೆ. ಇದರಲ್ಲಿ ಏನು ತಪ್ಪಾಗಬಹುದು ಅಂತ ನಮಗೆ ಯಾರಿಗೂ ಹೊಳೆಯಲಿಲ್ಲ ನೋಡಿ.

ಒಂದು ಸೋಮವಾರ ಹೊರಡುವುದು ತಡವಾಯಿತು. "ಬ್ರೇಕು ನೋಡಿದ್ಯಾ? ಕಣ್ಣಲ್ಲೋ, ಕೈಯಲ್ಲೋ?" "ಕಾಲಲ್ಲಿ ದೊಡ್ಡಪ್ಪ!" ಅಂತ ಜಗಳವಾಡಿಕೊಂಡೇ ತಿರುವಿಗೆ ಬಂದೆವು. ದೀಪ ಆಗಲೇ ಕೆಂಪಗೆ ಉರಿಯುತ್ತಿತ್ತು.

"ಫೋನ್ ಮಾಡಿಬಿಟ್ರಾ?" ಅಂದೆ.

"ಇನ್ನೂ ಜೇಬಿಂದ ತೆಗ್ದೇ ಇಲ್ವಲ್ಲೇ."

ಇಬ್ಬರೂ ಒಟ್ಟಿಗೆ ಎದುರಿಗೆ ನೋಡಿದೆವು. ಮಂಜಿನಲ್ಲಿ ಆರೇಳು ಹೆಂಗಸರು ಮಾತಾಡಿಕೊಂಡು ತೋಟದ ದಾರಿಗೆ ಇಳಿಯುತ್ತಿದ್ದರು.

ಎಪ್ಪತ್ತು ದಾಟಿದ ಮನುಷ್ಯ ಹಾಗೆ ಓಡಿದ್ದನ್ನು ನಾನು ನೋಡಿರಲಿಲ್ಲ. ಒಂದು ಚಪ್ಪಲಿ ರಸ್ತೆಯಲ್ಲೇ ಉಳಿಯಿತು. "ವಾಪಸ್ ಬರ್ರೇ! ನಾನಲ್ಲ ಕಣ್ರೇ, ನಾನಲ್ಲ! ಆನೆ ಕಣ್ರೇ!" ನಾನು ಹಾರ್ನ್ ಒತ್ತಿ ಹಿಡಿದೆ. ಹೆಂಗಸರು ತಿರುಗಿದರು, ಅರೆಗಳಿಗೆ ನಿಂತರು, ಆಮೇಲೆ ಬಿದ್ದೆನೋ ಎದ್ದೆನೋ ಅಂತ ಮೇಲಕ್ಕೆ ಓಡಿ ಬಂದರು. ಅವರು ಇಳಿಯುತ್ತಿದ್ದ ದಾರಿಯಲ್ಲೇ ಕಾಫಿ ಗಿಡ ಲಟಲಟ ಮುರಿಯಿತು. ತಾಯಾನೆಯೊಂದು ಮರಿ ಕರೆದುಕೊಂಡು ದಾರಿ ದಾಟಿತು. ನಮ್ಮ ಕಡೆ ನೋಡಲೂ ಇಲ್ಲ.

"ಸೋಮವಾರ ಅಲ್ವಾ, ನೀವೇ ಅಂದ್ಕಂಡು ನಡೆದ್ಬುಟ್ವಿ ಅಣ್ಣಾ," ಅಂದಳು ಹಿರಿಯ ಹೆಂಗಸೊಬ್ಬಳು.

ದೊಡ್ಡಪ್ಪ ಕಂಬದ ಬುಡದಲ್ಲಿ ಕುಸಿದು ಕೂತರು. ಯಾರೂ ಕೇಳದಿದ್ದರೂ, ನನ್ನನ್ನು ನೋಡಿ ಹೇಳಿದರು.

"ನಾನು ಸದಸ್ಯನಾದ ಮೊದಲ್ನೇ ವರ್ಷ, ಇದೇ ದೀಪದ ಬಗ್ಗೆ ಸದನದಲ್ಲಿ ಕೇಳಿದ್ದೆ ಕಣಮ್ಮ. ಸುಸ್ಥಿತಿಯಲ್ಲಿದೆ ಅಂತ ಉತ್ತರ ಬಂತು. ದೊಡ್ಡ ಕೆಲಸ ಮಾಡ್ದೆ ಅಂತ ಲೈನಿಗೆ ಬಂದು ಎಲ್ಲರ ಮುಂದೆ ಓದಿದೆ. ಚೆನ್ನಮ್ಮ ಅಂತ ಒಬ್ಳು ಕೇಳಿದ್ಲು, 'ನೀವು ನೋಡಿದ್ರಾ ಅಣ್ಣಾ?' ಅಂತ. ನೋಡಿದೀನಿ ಕಣಮ್ಮ, ಅಂದೆ."

"ನೋಡಿದ್ರಾ?"

"ಕಾಗದ ನೋಡಿದ್ದೆ. ದೀಪ ನೋಡಿರ್ಲಿಲ್ಲ. ಅದು ಕೆಟ್ಟು ಯಾವ ಕಾಲವಾಗಿತ್ತೋ. ಆನೆ ಬಂದ ದಿನ ಹತ್ತಲಿಲ್ಲ. ಹತ್ತಿಲ್ಲ, ಅಂದ್ರೆ ಆನೆ ಇಲ್ಲ ಅಂತ ನನ್ನ ಮಾತು ನಂಬ್ಕೊಂಡು ಇಳಿದ್ಲು. ವಾಪಸ್ ಬರ್ಲಿಲ್ಲ." ಆಮೇಲೆ ದೀಪದ ಕಡೆ ನೋಡಿ, "ಇವತ್ತು ಹತ್ತಿತ್ತು. ಇದನ್ನೂ ಸುಳ್ಳು ಮಾಡಿದ್ದು ನಾನೇ," ಅಂದರು.

ಆ ಹಿರಿಯ ಹೆಂಗಸು ಹೋಗಿ ರಸ್ತೆಯಲ್ಲಿದ್ದ ಚಪ್ಪಲಿ ತಂದಳು. ಕೂತು, ಅವರ ಪಾದ ಮುಟ್ಟಿ ನೋಡಿ, "ಕಾಲು ಹಿಮ ಆಗೋಗೈತೆ, ಹಾಕ್ಕಳಿ ಅಣ್ಣಾ. ಇವತ್ತು ನೀವು ಕೂಗಿದ್ದಕ್ಕೇ ನಾವು ಇರೋದು," ಅಂದಳು. ಅವಳು ಚೆನ್ನಮ್ಮನ ತಂಗಿ ಅಂತ ನನಗೆ ತಿಳಿದದ್ದು ಕಾರಿನಲ್ಲಿ ವಾಪಸ್ ಬರುವಾಗ.

ಈಗ ಪರೀಕ್ಷೆ ಎಸ್ಟೇಟಿಗೆ ರಜೆ ಇರುವ ಭಾನುವಾರ ನಡೆಯುತ್ತದೆ. ಮೊದಲು ಲೈನಿನ ಮನೆಮನೆಗೂ ಹೋಗಿ ಹೇಳಿದ ಮೇಲೇ ಫೋನ್. ಭಾನುವಾರ ನನ್ನ ಅಂಗಡಿ ತೆರೆಯುವುದೇ ತಡವಾಗುತ್ತದೆ, ಅದನ್ನು ಕೇಳುವವರಿಲ್ಲ!

ಹೋದ ಭಾನುವಾರ ದೊಡ್ಡಪ್ಪನಿಗೆ ಮಂಡಿನೋವು, ಏಳಲಾಗಲಿಲ್ಲ. ನಾನೊಬ್ಬಳೇ ಹೋದೆ. ಲೈನಿಗೆಲ್ಲ ಹೇಳಿಯಾದ ಮೇಲೆ ಅವರು ಮನೆಯಿಂದಲೇ ಕಂಬದ ನಂಬರಿಗೆ ಫೋನ್ ಒತ್ತಿದರು. ಆಮೇಲೆ ನನಗೆ ಮಾಡಿದರು.

"ಹತ್ತಿತಾ?"

"ಹತ್ತಿತು ದೊಡ್ಡಪ್ಪ."

"ನೋಡಿದ್ಯಾ?"

"ನೋಡ್ದೆ."

ನಾನು ಮುಂದಿನ ಪ್ರಶ್ನೆಗೆ ಕಾದೆ. "ಸರಿ ಕಣಮ್ಮ, ತಿಂಡಿ ಹೊತ್ತಿಗೆ ಬಾ," ಅಂದರು, ಅಷ್ಟೇ. ಕಣ್ಣಲ್ಲೋ, ಕೈಯಲ್ಲೋ ಅಂತ ಕೇಳಲೇ ಇಲ್ಲ. ನನಗೆ ಯಾಕೋ ಅಳು ಬಂತು. ಕೇಳಿದ್ದರೆ ಹೇಳುತ್ತಿದ್ದೆ: ನಾನು ಏಣಿಯ ಮೇಲಿದ್ದೆ, ನನ್ನ ಕೈ ದೀಪದ ಮೇಲಿತ್ತು, ಕೆಳಗೆ ಚೆನ್ನಮ್ಮನ ತಂಗಿ ಏಣಿ ಹಿಡಿದುಕೊಂಡಿದ್ದಳು.