ಕಾಕಾನ ಗಡಿಯಾರ, ನಮ್ಮ ಗಳಿಗಿ ಬಟ್ಟಲ

ಸೋಲಾಪುರದ ಗಿರಣಿಯಲ್ಲಿ ಇಷ್ಟು ವರ್ಷ ನೌಕರಿ ಮಾಡಿದೆನಲ್ಲ, ಒಂದೇ ಒಂದು ದಿವಸವೂ ತಡವಾಗಿ ಹೋದವನಲ್ಲ ನಾನು. ನನ್ನ ಹೆಜ್ಜೆ ಸಪ್ಪಳ ಕೇಳಿದ ಮೇಲೇ ಗಿರಣಿಯವರು ಪಾಳಿಯ ಭೋಂಗಾ ಊದುತ್ತಿದ್ದರು.

ಸುಳ್ಳು. ಭೋಂಗಾ ಊದಿದ ಮೇಲೇ ನನಗೆ ಎಚ್ಚರವಾಗುತ್ತಿತ್ತು. ಗೇಟಿನ ಸಿಪಾಯಿ ನನ್ನ ಮುಖ ನೋಡಿದ್ದೆಲ್ಲ ಸರಳುಗಳ ಸಂದಿಯಿಂದ. ಒಮ್ಮೆ ಅಪ್ಪಿತಪ್ಪಿ ವೇಳೆಗೆ ಸರಿಯಾಗಿ ಹೋದೆ. ಪೂರ್ತಿ ಮುಖ ಕಂಡು, ಯಾರೋ ಹೊಸಬ ಅಂತ ಒಳಗೆ ಬಿಡಲಿಲ್ಲ. ಇಂಥವು ನನಗೇ ಯಾಕೆ ಆಗುತ್ತವೋ ಗೊತ್ತಿಲ್ಲ, ಆಗುವುದು ಮಾತ್ರ ನಿಲ್ಲುವುದಿಲ್ಲ. ಅದರಲ್ಲೂ ತಂಗಿಯ ಲಗ್ನದ ವರ್ಷ ಆದದ್ದನ್ನು ನೆನೆಸಿದರೆ ಈಗಲೂ ಅಂಜಿಕೆ ಬರುತ್ತದೆ. ಚಹಾ ಆರಿಸಬ್ಯಾಡ್ರಿ, ಕುಡೀತಾ ಕೇಳ್ರಿ.

೧. ಒಂದೇ ಕರಾರು

ಅವ್ವ, ತಂಗಿ ಅಕ್ಕಲಕೋಟದಲ್ಲಿ. ನಾನು ಸೋಲಾಪುರದಲ್ಲಿ, ಗಿರಣಿ ಕೆಲಸಗಾರರ ಚಾಳಿನಲ್ಲಿ. ಅಪ್ಪ ಇಲ್ಲದ ಮನೆ. ಹಿರಿತನವೆಲ್ಲ ನನ್ನ ತಲೆಯ ಮೇಲೆ ಅಂತ ಅವ್ವ ಹಗಲಿಡೀ ಅಂಜುತ್ತಿದ್ದಳು.

ತಂಗಿ ಹೆಣ್ಣುಮಕ್ಕಳ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದಳು. ನೋಡಲು ಬಂದ ಗಂಡುಗಳೆಲ್ಲ ಅವಲಕ್ಕಿ ತಿಂದು, ಬೆರಳು ಒರೆಸಿಕೊಂಡು, ಲಗ್ನ ಆದಮೇಲೆ ನೌಕರಿ ಬಿಡಬೇಕು ಅಂದು ಎದ್ದು ಹೋದವರೇ. ಸೋಲಾಪುರದ ಅರಿವೆ ಅಂಗಡಿಯ ಹುಡುಗನೊಬ್ಬ ಮಾತ್ರ, ಯಾಕೆ ಬಿಡಬೇಕು, ನಮ್ಮೂರಲ್ಲೂ ಶಾಲೆ ಅದಾವಲ್ಲ, ನಮ್ಮ ಮನೆಯಲ್ಲಿ ಯಾರಿಗೂ ಲೆಕ್ಕ ಬರೂದಿಲ್ಲ ಅಂದ.

ಅವರು ಹೋದ ಮೇಲೆ ತಂಗಿ ನನ್ನನ್ನು ಹಿತ್ತಲಿಗೆ ಕರೆದಳು. "ಅಣ್ಣಾ, ನನಗ ಇದ ಮನಿ ಬೇಕು. ನೀ ಏನೂ ಮಾಡಬ್ಯಾಡ. ಹೇಳಿದ ವ್ಯಾಳ್ಯಾಕ್ಕ ಬಾ, ಅಷ್ಟ ಸಾಕು."

ಏನೂ ಮಾಡದೆ ಇರುವುದು ನನಗೆ ಕಷ್ಟ. ಹೇಳಿದ ವೇಳೆಗೆ ಬರುವುದು ಸಾಧ್ಯವೇ ಇಲ್ಲ. ಪಾಪ, ಎರಡನ್ನೂ ಕೂಡಿಸಿ ಕೇಳಿದಳು.

ಯಾಕೆ ಕೇಳಿದಳೆಂದರೆ, ಹುಡುಗನನ್ನು ಸಾಕಿ ಬೆಳೆಸಿದ್ದು ಅವನ ಕಾಕಾ. ಕರೀ ಕೋಟು, ಕಿಸೆಯಲ್ಲಿ ಬೆಳ್ಳಿ ಸರಪಳಿಯ ಗಡಿಯಾರ. ವೇಳೆ ತಪ್ಪಿದವರ ಜೊತೆ ಬೀಗತನ ಇಲ್ಲ ಅನ್ನುವುದೇ ಅವರ ಒಂದೇ ಕರಾರು. ಒಂದು ಕೂಸಿನ ಹೆಸರಿಡುವ ದಿವಸ ಅವರ ಷಡ್ಡಕ ತಡವಾಗಿ ಬಂದನಂತೆ. ಆ ಕೂಸಿಗೆ ಮೀಸೆ ಬಂದರೂ ಇಬ್ಬರಿಗೆ ಮಾತಿಲ್ಲ. ಮೇಲಾಗಿ ಬಾರ್ಶಿಯ ವ್ಯಾಪಾರಿಯೊಬ್ಬ ತನ್ನ ಮಗಳನ್ನು ಅದೇ ಹುಡುಗನಿಗೆ ಕೊಡಲು ತುದಿಗಾಲಲ್ಲಿ ನಿಂತಿದ್ದ.

ಇದೆಲ್ಲ ಕೇಳಿ ನಾನು ಅಂಜಿದೆ. ಅಂಜಿದ್ದು ಕಾಣಬಾರದೆಂದು ನಕ್ಕೆ. ನಾನು ನಕ್ಕದ್ದು ಕಂಡು ಅವ್ವ ಅಳಲು ಶುರು ಮಾಡಿದಳು.

೨. ಲಗೂ ಬಂದವನ ಗತಿ

ಲಗ್ನದ ತಾರೀಖು ಠರಾಯಿಸಲು ರವಿವಾರ ಹತ್ತಕ್ಕೆ ಅಂಗಡಿಗೆ ಬರಬೇಕೆಂದು ಕಾಕಾ ಹೇಳಿ ಕಳಿಸಿದರು. ತಡವಾದೀತೆಂಬ ಅಂಜಿಕೆಗೆ ನಾನು ಹೊತ್ತು ಹುಟ್ಟುವ ಮುಂಚೆಯೇ ಹೋದೆ. ಕಾಕಾ ಕಟ್ಟೆಯ ಮೇಲೆ ಬೇವಿನ ಕಡ್ಡಿ ಜಗಿಯುತ್ತಿದ್ದರು. ಬಾಯೊಳಗಿದ್ದದ್ದು ಉಗುಳಿ ಹೇಳಿದರು:

"ಲಗೂ ಬಂದಾವನೂ ವ್ಯಾಳ್ಯಾ ತಪ್ಪಿದಾವನ. ಹೋಗಿ ಹತ್ತಕ್ಕ ಬರ್ರಿ."

ಹೊತ್ತು ಕಳೆಯಲು ಚಹಾದಂಗಡಿ ಹೊಕ್ಕೆ. ಅಲ್ಲಿ ಸೋಲಾಪುರ ಮೈಸೂರು ರಾಜ್ಯಕ್ಕೆ ಸೇರಬೇಕೋ ಮುಂಬೈ ರಾಜ್ಯಕ್ಕೋ ಅಂತ ವಾದ ನಡೆದಿತ್ತು. ನಾನು ಸುಮ್ಮನೆ ಕೇಳುತ್ತ ಕೂತಿದ್ದೆ, ದೇವರಾಣೆ. ಕಡೆಗೆ ತಡೆಯಲಾಗದೆ ಆ ಕಡೆಯವರ ಕಿವಿಯಲ್ಲಿ, ನಿಮ್ಮ ಪರ ಸರಕಾರದ ಹುಕುಂ ಬಂದದ ಅಂದೆ. ಈ ಕಡೆಯವರ ಕಿವಿಯಲ್ಲೂ ಅದನ್ನೇ ಅಂದೆ. ಎರಡೂ ಕಡೆಯವರು ಪೇಢೆ ತರಿಸಿದರು. ಪೇಢೆ ತಿಂದು ಮುಗಿಸಿ, ಹೊಡೆದಾಟ ಶುರುವಾಗಿ, ನಾನು ಬೆಂಚಿನ ಕೆಳಗಿನಿಂದ ಹೊರಬಿದ್ದಾಗ ಬಿಸಿಲು ನೆತ್ತಿ ಸುಡುತ್ತಿತ್ತು.

ಓಡಿದೆ. ಅಂಗಡಿಯ ಗೋಡೆ ಗಡಿಯಾರದಲ್ಲಿ ಹತ್ತೂವರೆ. ಕಾಕಾ ನನಗೆ ಬೆನ್ನು ಮಾಡಿ, ಯಾವ ಸೀರೆಯನ್ನೂ ಒಪ್ಪದ ಹೆಣ್ಣುಮಗಳೊಬ್ಬಳಿಗೆ ಸೀರೆ ಬಿಚ್ಚಿ ಬಿಚ್ಚಿ ತೋರಿಸುತ್ತಿದ್ದರು. ನನ್ನ ಕೈಯಲ್ಲಿ ಛತ್ರಿ ಇತ್ತು. ಅದರ ತುದಿಯಿಂದ ದೊಡ್ಡ ಮುಳ್ಳನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದೆ. ಗುಮಾಸ್ತ ಬಾಯಿ ತೆರೆದ, ನಾನು ಕೈ ಮುಗಿದೆ, ಮುಚ್ಚಿದ. ಆಮೇಲೆ ಕೆಮ್ಮಿದೆ.

ಕಾಕಾ ತಿರುಗಿ ಗೋಡೆ ನೋಡಿದರು. ಬರೋಬ್ಬರಿ ಹತ್ತು. ಮುಖ ಅರಳಿತು. ಅಭ್ಯಾಸಬಲದಿಂದ ಕಿಸೆಯ ಗಡಿಯಾರವನ್ನೂ ತೆಗೆದರು. ಅದನ್ನು ನೋಡಿದರು, ಗೋಡೆ ನೋಡಿದರು, ನನ್ನನ್ನು ನೋಡಿದರು. ಗೋಡೆಯದು ಅವರ ಅಪ್ಪನ ಕಾಲದ್ದು. ಅದು ಸುಳ್ಳು ಹೇಳುವುದುಂಟೇ?

"ಈ ಸಣ್ಣದು ಯಾಕೋ ಮುಂದ ಓಡೇದ" ಅಂದು, ಕಿಸೆಯ ಗಡಿಯಾರವನ್ನೂ ಅರ್ಧ ತಾಸು ಹಿಂದಕ್ಕೆ ತಿರುವಿಕೊಂಡರು.

೩. ಮೊದಲು ಮುಖ್ಯವಾದದ್ದು

ಲಗ್ನ ಆಷಾಢದ ಮುಂಚಿನ ಕಡೆಯ ಮುಹೂರ್ತಕ್ಕೆ ಠರಾವಾಯಿತು. ಅದು ತಪ್ಪಿದರೆ ಕಾರ್ತಿಕದಲ್ಲಿ ತುಳಸಿ ಲಗ್ನ ಆಗುವ ತನಕ ಮುಹೂರ್ತವಿಲ್ಲ. ಅಷ್ಟರಲ್ಲಿ ಬಾರ್ಶಿಯವನು ಬಿಡುತ್ತಾನೆಯೇ? ಬೀಳ್ಕೊಡುವಾಗ ಕಾಕಾ ನನಗೆ ಉಪದೇಶ ಮಾಡಿದರು. ಮನುಷ್ಯನಿಗೆ ನೂರು ಕೆಲಸ ಇರ್ತಾವೆ, ಎಲ್ಲಕ್ಕಿಂತ ಮುಖ್ಯದ್ದು ಯಾವುದು ಅಂತ ಮೊದಲು ಗೊತ್ತು ಮಾಡಿಕೊಂಡು ಅದನ್ನೇ ಮಾಡಬೇಕು, ಉಳಿದದ್ದು ತಾನಾಗಿ ಆಗ್ತದೆ ಅಂದರು.

ಜೀವನದಲ್ಲಿ ಮೊದಲ ಸಲ ಒಬ್ಬರ ಮಾತು ಕೇಳಿದೆ. ಲಗ್ನದಲ್ಲಿ ಮುಖ್ಯವಾದದ್ದು ಯಾವುದು? ಜನ ನೆನಪಿಡುವುದು ಊಟ, ಬ್ಯಾಂಡು. ಅಡಿಗೆಯವನ ಹತ್ತಿರ ಹೋಗಿ ಬುಂದಿ ರುಚಿ ನೋಡಿದೆ. ಸಂಶಯ ಬಂದು ಮತ್ತೊಬ್ಬನ ಹತ್ತಿರ ನೋಡಿದೆ. ಬ್ಯಾಂಡಿನವರನ್ನು ಚಾಳಿಗೇ ಕರೆಸಿ ಊದಿಸಿದೆ. ಚಾಳಿನವರು ಯಾರಿಗೋ ಲಾಟರಿ ಹತ್ತಿತೆಂದು ಕುಣಿದರು. ಎಲ್ಲ ಮುಗಿಸಿ ಅಕ್ಕಲಕೋಟಕ್ಕೆ ಹೋಗಿ ಅವ್ವನ ಮುಂದೆ ಎದೆಯುಬ್ಬಿಸಿ ವರದಿ ಒಪ್ಪಿಸಿದೆ.

ಅವ್ವ ಎಲ್ಲ ಕೇಳಿದಳು. "ಭಟ್ಟರಿಗೆ ಹೇಳೀದಿ?"

ನಾನು ಗೋಡೆ ಕಡೆ ನೋಡಿದೆ.

"ಹಂಗಾರ ಮಂತ್ರಾ ಯಾರು ಹೇಳತಾರೋ, ಪೀಪಿ ಊದಾವನ?"

ಭಟ್ಟರ ಮನೆಗೆ ಓಡಿದೆ. ಆ ದಿವಸ ಪಕ್ಕದ ಹಳ್ಳಿಯಲ್ಲಿ ಇನ್ನೊಂದು ಲಗ್ನ ಒಪ್ಪಿಕೊಂಡಿದ್ದರು. ಕಾಲಿಗೆ ಬಿದ್ದ ಮೇಲೆ, ನಿಮ್ಮದು ಮುಂಜಾನೆಯ ಮುಹೂರ್ತ, ಅಕ್ಷತೆ ಬಿದ್ದ ಕೂಡಲೇ ನಾ ಹೊರಡುವವನು, ಒಂದು ಗಳಿಗೆಯೂ ಕಾಯುವುದಿಲ್ಲ ಅಂದರು. ನಾನು ಗಡಿಯಾರದ ಮಾತು ತೆಗೆದೆ. ಭಟ್ಟರು ಗೂಟಕ್ಕೆ ನೇತುಹಾಕಿದ್ದ ತಾಮ್ರದ ಬಟ್ಟಲು ತೋರಿಸಿದರು. ಬುಡದಲ್ಲಿ ಸೂಜಿಮೊನೆಯಷ್ಟು ತೂತು. ನೀರಿನ ಮೇಲೆ ಬಿಟ್ಟರೆ ಒಳಗೆ ನೀರು ತುಂಬಿ ಮುಳುಗುತ್ತದೆ. ಒಂದು ಸಲ ಮುಳುಗಿದರೆ ಒಂದು ಗಳಿಗೆ, ಅಂದರೆ ಇಪ್ಪತ್ನಾಲ್ಕು ನಿಮಿಷ. ಹೊತ್ತು ಹುಟ್ಟಿದಾಗಿನಿಂದ ಎಣಿಸಿ, ಲೆಕ್ಕದ ಕಡೆಯ ಸಲ ಬಟ್ಟಲು ಮುಳುಗಿತೋ, ಅದೇ ಮುಹೂರ್ತ.

"ಘಡ್ಯಾಳ ಮನಷ್ಯಾರು ಮಾಡಿದ್ದು, ನಿಲ್ಲತದ. ನೀರು ಯಾರಪ್ಪಗೂ ನಿಲ್ಲೂದಿಲ್ಲ" ಅಂದರು ಭಟ್ಟರು. ಪಾಪ, ಅವರಿಗೆ ನಮ್ಮ ಮನೆಯ ಪರಿಚಯ ಸಾಲದು.

೪. ಗಿರಣಿಯ ತಪ್ಪು

ಲಗ್ನಕ್ಕೆ ವಾರ ಇರುವಾಗ ಮತ್ತೆ ಕಾಕಾನ ಅಂಗಡಿಗೆ ಹೋದೆ. ಮಾತಿನ ನಡುವೆ ಗಿರಣಿಯ ಭೋಂಗಾ ಊದಿತು. ಕಾಕಾ ಗಡಿಯಾರ ತೆಗೆದು ನೋಡಿ ಹಲ್ಲು ಕಡಿದರು.

"ಗಿರಣ್ಯಾವ್ರು ಹದಗೆಟ್ಟಾರ. ದಿನಾ ಅರ್ಧ ತಾಸು ಮುಂಚೆ ಊದಾಕತ್ತಾರ. ಬಡವರ ಜೀವಾ ತಿಂತಾರ."

ಇದೇ ಗಡಿಯಾರ ನಂಬಿ ಈ ಮನುಷ್ಯ ಲಗ್ನದ ದಿವಸ ಅಕ್ಕಲಕೋಟದ ರೇಲ್ವೆ ಗಾಡಿ ಹಿಡಿಯಲು ಹೋಗುತ್ತಾನೆ. ಹೇಳಬೇಕು. ಹೇಳಿದರೆ ಛತ್ರಿಯ ಸಂಗತಿ ಹೇಳಬೇಕು. ಛತ್ರಿಯ ಸಂಗತಿ ಹೇಳಿದರೆ ಲಗ್ನ ಅಲ್ಲಿಗೇ ಮುಗಿಯಿತು. ಮುಳ್ಳನ್ನು ಮತ್ತೆ ಮುಂದಕ್ಕೆ ತಳ್ಳೋಣವೆಂದು ಛತ್ರಿ ಎತ್ತಿದೆ. ಗೋಡೆ ಗಡಿಯಾರಕ್ಕೆ ಹೊಸದಾಗಿ ಗಾಜಿನ ಬಾಗಿಲು, ಅದಕ್ಕೊಂದು ಕೀಲಿ. ಧೂಳು ಹೊಕ್ಕೀತೆಂದು ಕಾಕಾ ಹಾಕಿಸಿದ್ದರು. ಗುಮಾಸ್ತ ನನ್ನನ್ನು ನೋಡಿ, ಸತ್ತವರ ಮನೆಯವರನ್ನು ನೋಡಿದ ಹಾಗೆ ತಲೆ ತಗ್ಗಿಸಿದ.

"ನೀವೂ ಅದ ಗಿರಣ್ಯಾಗ ಇದ್ದೀರಲ್ಲ, ಹೇಳ್ರಿ, ಭೋಂಗಾ ಮುಂಚೆ ಊದತಾರೋ ಇಲ್ಲೋ?" ಅಂತ ಕಾಕಾ ಕೇಳಿದರು.

"ಅದಕ್ಕರೀ" ಅಂದೆ, "ನನಗ ದಿನಾ ತಡಾ ಆಗೂದು."

೫. ನೀರು ನಿಂತದ್ದು

ಲಗ್ನದ ಮುಂಜಾನೆ. ಒಳಗಿನ ಕೋಣೆಯಲ್ಲಿ ತಂಗಿ ಗೌರಿ ಪೂಜೆಗೆ ಕೂತಿದ್ದಳು. ಅವಳ ಪಕ್ಕದಲ್ಲೇ ಹಿತ್ತಾಳೆ ಪಾತೇಲಿಯ ತುಂಬ ನೀರು, ಅದರ ಮೇಲೆ ಬಟ್ಟಲು. ಒಂದು ಮುಳುಗಿತು, ಭಟ್ಟರು ತೆಗೆದು ಮತ್ತೆ ಬಿಟ್ಟರು. ಇನ್ನೊಂದು ಮುಳುಗಿತು. ಅಕ್ಕಲಕೋಟ ರೋಡ್ ಸ್ಟೇಶನ್ನಿಗೆ ಹೋಗಿದ್ದ ಟಾಂಗಾಗಳು ಖಾಲಿಯಾಗಿ ತಿರುಗಿ ಬಂದವು. ಗಾಡಿ ಬಂತು, ಹೋಯಿತು, ವರ ಇಳಿಯಲಿಲ್ಲ ಅಂದರು.

ಬ್ಯಾಂಡು ನಿಂತಿತು. ಅವ್ವ ಕಂಬಕ್ಕೆ ಆನಿಕೊಂಡು ಕೂತುಬಿಟ್ಟಳು. ಯಾಕೆ ಬರಲಿಲ್ಲ ಅನ್ನುವುದು ಅಷ್ಟು ಜನರಲ್ಲಿ ನನಗೊಬ್ಬನಿಗೇ ಗೊತ್ತು. ಕಾಕಾ ತಡವಾಗಿ ಬಂದರೂ ತಾನು ತಡ ಅಂತ ಒಪ್ಪುವವರಲ್ಲ. ನೀವೇ ಮುಹೂರ್ತ ಮುಂಚೆ ಮಾಡಿ ಮೋಸ ಮಾಡಿದಿರಿ ಅಂದು ಹುಡುಗನ ಕೈ ಹಿಡಿದು ಹೊರಡುವವರು. ಭಟ್ಟರು ಕಡೆಯ ಸಲ ಬಟ್ಟಲು ಬಿಟ್ಟರು.

ನಾನು ಅಡಿಗೆಯವರ ಪರಾತದಿಂದ ಒಂದು ಉಂಡೆ ಕಣಕ ಕದ್ದು ಮುಷ್ಟಿಯಲ್ಲಿ ಹಿಡಿದು, ಭಟ್ಟರಿಗೆ ಬಿಸಿ ಹಾಲು ತಯಾರಾಗಿದೆ ಅಂತ ಹೊರಗೆ ಸಾಗಿಸಿದೆ. ಕೋಣೆ ಹೊಕ್ಕು ಬಟ್ಟಲ ಎತ್ತಿ, ತೂತಿಗೆ ಕಣಕ ಮೆತ್ತಲು ಬುಡಕ್ಕೆ ಬೆರಳು ಹಚ್ಚಿದೆ. ಮೆತ್ತಗೆ ಏನೋ ತಾಗಿತು. ಅಲ್ಲಿ ಆಗಲೇ ಮೇಣ ಇತ್ತು. ನಮ್ಮ ಹೆಣ್ಣುಮಕ್ಕಳು ಕುಂಕುಮ ನಿಲ್ಲಲೆಂದು ಹಣೆಗೆ ಮೊದಲು ಹಚ್ಚಿಕೊಳ್ಳುತ್ತಾರಲ್ಲ, ಆ ಮೇಣ. ಅದರ ಮೇಲೆ ಕೆಂಪಗೆ ಕುಂಕುಮವೂ ಅಂಟಿತ್ತು.

ತಿರುಗಿ ನೋಡಿದೆ. ತಂಗಿ ಕಣ್ಣು ಮುಚ್ಚಿ ಗೌರಿಯ ಮುಂದೆ ಕೈ ಮುಗಿದಿದ್ದಳು. ಹಣೆಯ ಮೇಲಿನ ಕುಂಕುಮ ಅರ್ಧ ಚಂದ್ರನಷ್ಟೇ ಉಳಿದಿತ್ತು.

"ತಂಗೀ" ಅಂದೆ.

ಕಣ್ಣು ತೆರೆಯದೆಯೇ ಅಂದಳು: "ನೋಡ್ಕೋತ ನಿಲ್ಲಬ್ಯಾಡ. ಅದರ ಮ್ಯಾಲ ನಿಂದೂ ಹಚ್ಚು."

ಹಚ್ಚಿದೆ. ಭಟ್ಟರು ಹಾಲು ಕುಡಿದು ಬಂದು ಬಗ್ಗಿ ನೋಡಿ, ಇವತ್ತು ನೀರು ಸ್ವಲ್ಪ ಸಾವಕಾಶ ಅದ ಅಂದರು.

ಕಡೆಗೂ ಬಾಗಿಲಿಗೆ ಒಂದು ಟ್ರಕ್ ಬಂದು ನಿಂತಿತು, ಹತ್ತಿ ತುಂಬಿದ್ದು. ಅದರ ಮೇಲಿಂದ ವರ, ನೆಂಟರು, ಕಾಕಾ ಒಬ್ಬೊಬ್ಬರಾಗಿ ಇಳಿದರು. ಎಲ್ಲರೂ ಮೈತುಂಬ ಬೆಳ್ಳಗೆ. ಕಾಕಾನ ಕರೀ ಕೋಟು ಎಲ್ಲಿ ಶುರು, ಮೀಸೆ ಎಲ್ಲಿ ಮುಗೀತು ಅಂತ ತಿಳಿಯುತ್ತಿರಲಿಲ್ಲ.

"ರೇಲ್ವೆಯವರೂ ಗಿರಣ್ಯಾವ್ರ ಕೂಡ ಸೇರ್ಯಾರ" ಅಂದರು ಕಾಕಾ. "ಗಾಡಿ ಲಗೂ ಬಿಟ್ಟಾರ."

ನೆಟ್ಟಗೆ ಬಟ್ಟಲ ಹತ್ತಿರ ಹೋದರು. ಅದು ತೇಲುತ್ತಿತ್ತು. ಗಡಿಯಾರ ತೆಗೆದು, ನೋಡಿರಿ, ಬರೋಬ್ಬರಿ ಬಂದೀನಿ ಅಂತ ಎಲ್ಲರಿಗೂ ತೋರಿಸಿದರು. ಅವ್ವ ಕಂಬ ಬಿಟ್ಟು ಎದ್ದಳು. ತಂಗಿ, ವರ ಮಂಟಪದಲ್ಲಿ ನಿಂತರು, ನಡುವೆ ಅಂತರಪಟ ಹಿಡಿದರು, ಎಲ್ಲರ ಮುಷ್ಟಿಯಲ್ಲೂ ಅಕ್ಷತೆ. ಬಟ್ಟಲು ಮುಳುಗಿದ ಕೂಡಲೇ ಕೂಗುವ ಕೆಲಸ ನಂದು ಅಂತ ಕಾಕಾ ಒಳಗೇ ನಿಂತರು.

ನಾನು ಬಾಗಿಲ ಹಿಂದೆ ನಿಂತೆ. ಕಾಕಾ ಕದಲಿದರೆ ತಾನೆ ಕಣಕ ಕೀಳುವುದು? ಕದಲಲಿಲ್ಲ. ಬಟ್ಟಲೂ ಕದಲಲಿಲ್ಲ. ಹೊರಗೆ ಭಟ್ಟರು ಹಳ್ಳಿಯ ಲಗ್ನದ ನೆನಪಾಗಿ ಒಂದು ಕಾಲಿಂದ ಇನ್ನೊಂದು ಕಾಲಿಗೆ ತೂಗತೊಡಗಿದರು. ಅಂತರಪಟದ ಮೇಲಿಂದ ತಂಗಿಯ ಕಣ್ಣುಗಳು ನನ್ನನ್ನೇ ಹುಡುಕುತ್ತಿದ್ದವು. ಕಾಕಾ ಗಡಿಯಾರ ನೋಡಿದರು, ಬಟ್ಟಲು ನೋಡಿದರು. ಈಗ ಅವರ ಗಡಿಯಾರದ ಪ್ರಕಾರವೂ ಮುಹೂರ್ತ ದಾಟಿತ್ತು. ಬಟ್ಟಲು ತಪ್ಪು ಅಂದರೆ ತಮ್ಮ ಸಾಕ್ಷಿಯೇ ಹೋಗಿ, ತಾವು ತಡವಾಗಿ ಬಂದದ್ದು ನಿಜವಾಗುತ್ತದೆ. ಬಟ್ಟಲು ಸರಿ ಅಂದರೆ ಗಡಿಯಾರ ಸುಳ್ಳಾಗುತ್ತದೆ. ಕಾಕಾನ ಹಣೆಯ ಮೇಲಿನ ಹತ್ತಿಯೆಲ್ಲ ಬೆವರಿಗೆ ತೊಯ್ದು ಉಂಡೆಯಾಯಿತು. ಆ ಮನುಷ್ಯ ಅಂಜಿದ್ದನ್ನು ನಾನು ಅವತ್ತೇ ಮೊದಲು ಕಂಡದ್ದು.

ಎಡಕ್ಕೆ ನೋಡಿದರು. ಬಲಕ್ಕೆ ನೋಡಿದರು. ಶಲ್ಯ ಸರಿಪಡಿಸುವವರ ಹಾಗೆ ಬಗ್ಗಿ, ಹೆಬ್ಬೆರಳಿನಿಂದ ಬಟ್ಟಲಿನ ಅಂಚು ಒತ್ತಿದರು. ಬುಳುಬುಳು.

"ಮುಳುಗಿತು" ಅಂತ ಕೂಗಿ ತಲೆ ಎತ್ತಿದರೆ, ಎದುರಿಗೆ ನಾನು.

ಒಬ್ಬರನ್ನೊಬ್ಬರು ನೋಡಿದೆವು. ಹೊರಗೆ ಅಕ್ಷತೆ ಬಿತ್ತು, ಬ್ಯಾಂಡು ಬಡಿಯಿತು. ಅವತ್ತಿನಿಂದ ಇವತ್ತಿನ ತನಕ ಕಾಕಾ ನನ್ನನ್ನು ಯಾಕೆ ತಡವಾಯಿತು ಅಂತ ಕೇಳಿಲ್ಲ. ತಂಗಿ ಈಗ ಸೋಲಾಪುರದ ಶಾಲೆಯಲ್ಲಿ ಲೆಕ್ಕ ಕಲಿಸುತ್ತಾಳೆ. ಗಂಡನ ಮನೆಗೆ ಹೋದವಳೇ, ನನ್ನಿಂದ ಛತ್ರಿಯ ಸಂಗತಿ ತಿಳಿದು, ಅಂಗಡಿಯ ಗೋಡೆ ಗಡಿಯಾರದ ಕೀಲಿ ತನ್ನ ಕೈಗೆ ತೆಗೆದುಕೊಂಡು, ದಿನಕ್ಕಿಷ್ಟಿಷ್ಟು ಮುಳ್ಳು ಮುಂದಕ್ಕೆ ಸರಿಸಿದಳು. ಅದನ್ನು ನೋಡಿ ಕಾಕಾ ಕಿಸೆಯದನ್ನೂ ತಿರುವಿಕೊಳ್ಳುತ್ತ ಬಂದರು. ಗಿರಣಿಯವರು ಕಡೆಗೂ ಸುಧಾರಿಸಿದರು ಅಂತ ಕಾಕಾ ಎಲ್ಲರಿಗೂ ಹೇಳುತ್ತಾರೆ.

ಇಲ್ಲಿಗೆ ಮುಗಿದಿದ್ದರೆ ನಾನು ಇಷ್ಟು ಅಂಜುತ್ತಿರಲಿಲ್ಲ. ಲಗ್ನದ ದಿವಸ ಪಂಕ್ತಿಯಲ್ಲಿ ಎರಡನೇ ಸಲ ಬುಂದಿ ಬಡಿಸುವಾಗ ನೆನಪಾಯಿತು. ಎದುರು ಸಾಲಿನಲ್ಲಿ ತಂಗಿಯ ತುತ್ತೂ ಬಾಯಿಯ ಹತ್ತಿರ ನಿಂತಿತು. ಭಟ್ಟರು ಊಟಕ್ಕೂ ನಿಲ್ಲದೆ ಬಟ್ಟಲನ್ನು ಹಾಗೇ ಚೀಲಕ್ಕೆ ಹಾಕಿಕೊಂಡು ಹಳ್ಳಿಯ ಲಗ್ನಕ್ಕೆ ಓಡಿದ್ದರು. ಮೇಣ, ಕಣಕ, ಎಲ್ಲ ಸಮೇತ.

ಅಲ್ಲಿ ಮಧ್ಯಾಹ್ನದ ಮುಹೂರ್ತವಂತೆ. ಅಂತರಪಟ ಹಿಡಿದವರು ಕೈ ಸೋತು ಬದಲಾದರು, ಅವರೂ ಸೋತರು. ಅನ್ನ ಆರಿತು, ಕಾಯಿಸಿದರು, ಮತ್ತೆ ಆರಿತು. ವರ ನಿಂತಲ್ಲೇ ನಿದ್ದೆ ಮಾಡಿ ಅಂತರಪಟದ ಮೇಲೇ ಬಿದ್ದ. ನೀರು ನಿಲ್ಲೂದಿಲ್ಲ, ನೀರು ನಿಲ್ಲೂದಿಲ್ಲ ಅಂತ ಭಟ್ಟರು ಹೊತ್ತು ಮುಳುಗುವ ತನಕ ಹೇಳುತ್ತಿದ್ದರಂತೆ. ಇದು ಯಾರ ಕೆಲಸ ಅಂತ ಆ ಹೆಣ್ಣಿನ ಅಪ್ಪ ಇನ್ನೂ ಹುಡುಕುತ್ತಿದ್ದಾನೆ. ಆರಡಿ ಆಳು, ಗಿರಿಜಾ ಮೀಸೆ, ಕೈಯಲ್ಲಿ ಬೆಳ್ಳಿ ಕಟ್ಟಿನ ಬಡಿಗೆ.

ಹೌದರಿ, ಈಗ ಎದುರಿನ ರಸ್ತೆ ದಾಟಾಕತ್ತಾನಲ್ಲ, ಅವನ. ಈ ಅಂಗಡಿಗೇ ಬರ್ತಾನ. ನಾ ಹಿಂದಿನ ಬಾಗಿಲಿಂದ ಹೋಗ್ತೀನಿ. ಜೀವಮಾನದಾಗ ಒಮ್ಮೆರೆ ಲಗೂ ಹೋಗೂ ಪ್ರಸಂಗ ಬಂದದ. ನನ್ನ ಚಹಾದ್ದೂ ನೀವ ಕೊಟ್ಟುಬಿಡ್ರಿ.