ಮೊಳೆಬಾಯಿ ಬಿದ್ದ ದಿನ

ಹಿಂದಿನ ಕೋಣೆಯಲ್ಲಿ ಸ್ಪಂಜು ಕತ್ತರಿಸುತ್ತಿದ್ದ ಸೋಫಾ ರಿಪೇರಿ ಅಂಗಡಿಯ ಯಜಮಾನನಿಗೆ ಮುಂದಿನ ಕೋಣೆಯಿಂದ ದಢಾರೆಂದು ಸದ್ದು ಕೇಳಿಸಿತು. ಓಡಿ ಬಂದು ನೋಡಿದರೆ ಏಣಿ ಅಡ್ಡ ಬಿದ್ದಿದೆ. ಪಕ್ಕದಲ್ಲೇ ಅವನ ಒಬ್ಬನೇ ಒಬ್ಬ ಕೆಲಸಗಾರ ಬೋರಲಾಗಿ ಬಿದ್ದಿದ್ದಾನೆ, ಒಂದು ಕೈ ಕಪಾಟಿನಡಿಗೆ ಹೋಗಿದೆ.

ಈ ಕೆಲಸಗಾರನನ್ನು ಬೀದಿಯವರೆಲ್ಲ ಮೊಳೆಬಾಯಿ ಎಂದೇ ಕರೆಯುತ್ತಿದ್ದರು. ಒಂದು ಹಿಡಿ ಸಣ್ಣ ಮೊಳೆ ಬಾಯಿಗೆ ಹಾಕಿಕೊಂಡು, ಒಂದೊಂದನ್ನೇ ತುಟಿಯಿಂದ ತೆಗೆದು ಸೋಫಾಕ್ಕೆ ಹೊಡೆಯುವುದು ಅವನ ಪದ್ಧತಿ. ಪೆಟ್ಟಾಯಿತೇ ಎಂದು ಯಜಮಾನ ಕೇಳಿದಾಗಲೂ ಬಾಯಿ ತುಂಬ ಮೊಳೆ. ಕಣ್ಣು ಕಣ್ಣು ಬಿಟ್ಟ, ಅಷ್ಟೇ.

ಯಜಮಾನನಿಗೆ ತಟ್ಟನೆ ವಿಮೆ ನೆನಪಾಯಿತು. ಕೆಲಸಗಾರರಿಗೆ ಅಂಗಡಿಯಲ್ಲಿ ಏನಾದರೂ ಆದರೆ ಪರಿಹಾರ ಕೊಡುವ ವಿಮೆಯೊಂದಿತ್ತು. ಅದನ್ನು ಮುಂದುವರಿಸಿ ಎಂದು ಏಜೆಂಟ್ ಕಳೆದ ತಿಂಗಳು ಬಂದಾಗ, "ಸ್ಪಂಜಿನ ಅಂಗಡೀಲಿ ಬಿದ್ರೂ ಯಾರಿಗೆ ಪೆಟ್ಟಾಗತ್ತಪ್ಪಾ?" ಎಂದು ಯಜಮಾನ ಅವನನ್ನು ನಕ್ಕು ಕಳಿಸಿದ್ದ. ಕಂತು ಕಟ್ಟಿರಲೇ ಇಲ್ಲ. ಇವನ ಬೆನ್ನು ಮುರಿದಿದ್ದರೆ ಅಂಗಡಿ ಹೋಯಿತು, ಮನೆಯೂ ಹೋಯಿತು.

ಸದ್ದು ಕೇಳಿ ಪಕ್ಕದ ಅಂಗಡಿಯ ಟೈಲರ್ ಬಂದ. ಯಾರದೋ ಕೇಸಿನಲ್ಲಿ ಒಮ್ಮೆ ಸಾಕ್ಷಿ ಹೇಳಿ ಬಂದಾಗಿನಿಂದ ಅವನು ಅರ್ಧ ವಕೀಲ. ಮೊಳೆಬಾಯಿ ಮೊಳೆಗಳನ್ನು ಅಂಗೈಗೆ ಉಗುಳಿ ಇನ್ನೇನು ಬಾಯಿ ತೆರೆಯಬೇಕು, ಟೈಲರ್ ಅಂಗೈ ಅಡ್ಡ ಹಿಡಿದ.

"ಯಜಮಾನ್ರೇ, ಇವನನ್ನ ಮಾತಾಡಕ್ಕೆ ಬಿಡ್ಬೇಡಿ. 'ಬಿದ್ದೆ' ಅಂತ ಒಬ್ಬರ ಮುಂದೆ ಹೇಳಿದ್ರೂ ಅದು ಸಾಕ್ಷಿ. ಆಮೇಲೆ ನಿಮ್ಮ ಕತೆ ಮುಗೀತು."

ಅಷ್ಟು ಸಾಕಾಯಿತು. ಇಬ್ಬರೂ ಸೇರಿ ಮೊಳೆಬಾಯಿಯನ್ನು ಹೊತ್ತು, ಗಿರಾಕಿಗೆ ಕೊಡಬೇಕಾಗಿದ್ದ ಹೊಸ ಸೋಫಾದ ಮೇಲೆ ಮಲಗಿಸಿದರು. ಏನೂ ಮಾತಾಡಬೇಡ, ಮಲ್ಕೋ ಎಂದು ಯಜಮಾನ ಕೈ ಮುಗಿದ. ಮೊಳೆಬಾಯಿ ಏಳಹೋದರೆ ಒತ್ತಿ ಮಲಗಿಸಿದ. ಬಾಯಿ ತೆರೆದರೆ ಬಾಳೆಹಣ್ಣು ತುರುಕಿದ. ಅವನು ಬೆನ್ನು ತುರಿಸಿಕೊಂಡರೆ ಇವನು ಓಡಿ ಬಂದು ಬೆನ್ನು ನೀವುತ್ತಿದ್ದ.

ಮಧ್ಯಾಹ್ನ ಗಿರಾಕಿ ಹೆಂಗಸು ಸೋಫಾ ಒಯ್ಯಲು ಬಂದಳು. ಅದರ ಮೇಲೆ ಗಂಡಸೊಬ್ಬ ಹಾಯಾಗಿ ಗೊರಕೆ ಹೊಡೆಯುತ್ತಿದ್ದ. ಇದೇನಿದು ಎಂದು ಆಕೆ ಹುಬ್ಬು ಗಂಟಿಕ್ಕಿದಳು.

"ಪರೀಕ್ಷೆ ಅಮ್ಮಾ," ಎಂದ ಯಜಮಾನ, ಹಣೆಯ ಬೆವರು ಒರೆಸಿಕೊಳ್ಳುತ್ತ. "ಸ್ಪ್ರಿಂಗ್ ತಡೆಯತ್ತೋ ಇಲ್ವೋ ಅಂತ ಇಡೀ ದಿನ ಒಬ್ಬರನ್ನ ಮಲಗಿಸಿ ನೋಡ್ತೀವಿ. ನಾಳೆ ಬಂದು ತಗೊಂಡ್ಹೋಗಿ."

ಆಕೆ ಹೋದಮೇಲೆ ಅವನಿಗೆ ಅಳುವೇ ಬಂತು. ಇಂದು ಹೇಗೋ ಆಯಿತು, ನಾಳೆ ಇವನು ಮನೆಯಲ್ಲಿ ಬಾಯಿ ಬಿಟ್ಟರೆ? ಟೈಲರ್ ಗಲ್ಲ ಕೆರೆದುಕೊಂಡು ಯೋಚಿಸಿದ.

"ಕೆಲಸಗಾರ ಬಿದ್ರೆ ಮಾಲೀಕ ಕೊಡ್ಬೇಕು. ಮಾಲೀಕನೇ ಬಿದ್ರೆ ಯಾರು ಯಾರಿಗೆ ಕೊಡ್ತಾರೆ? ಇವನನ್ನ ಪಾಲುದಾರ ಮಾಡ್ಕೊಂಡ್ಬಿಡಿ."

ಮುಳುಗುವವನಿಗೆ ಅದೂ ಸರಿಯೆನಿಸಿತು. ಎದುರಿನ ಬೋರ್ಡು ಬರೆಯುವವನನ್ನು ಕರೆಸಿದರು. ಅವನು ಅಂಗಡಿಯ ಬೋರ್ಡಿನ ಮೇಲೆ ಯಜಮಾನನ ಹೆಸರಿನ ಕೆಳಗೆ ಅಷ್ಟೇ ದಪ್ಪ ಅಕ್ಷರದಲ್ಲಿ ಮೊಳೆಬಾಯಿಯ ಹೆಸರನ್ನೂ ಬರೆದ. ಸಮಪಾಲು ಎಂದು ಯಜಮಾನ ಬೀದಿಯ ನಾಲ್ಕು ಜನರ ಮುಂದೆ ಗಟ್ಟಿಯಾಗಿ ಹೇಳಿ ಮೊಳೆಬಾಯಿಯ ಕೈ ಕುಲುಕಿದ. ಮೊಳೆಬಾಯಿಯ ಬಾಯಲ್ಲಿ ಆಗಲೂ ಬಾಳೆಹಣ್ಣಿತ್ತು.

ಸಂಜೆ ಚಹಾ ತಂದ ಯಜಮಾನನ ಹೆಂಡತಿ ಬೋರ್ಡು ನೋಡಿ ಬಾಗಿಲಲ್ಲೇ ನಿಂತಳು. ಅವನು ಅವಳನ್ನು ಒಳಗೆಳೆದು, ವಿಮೆ ಇಲ್ಲದ್ದು, ಏಣಿ ಬಿದ್ದದ್ದು, ಎಲ್ಲ ಪಿಸುಗುಟ್ಟಿದ.

"ವಿಮೆ ಇಲ್ಲ ಅಂತ ಯಾರು ಹೇಳಿದ್ರು?" ಎಂದಳು ಅವಳು. "ಏಜೆಂಟು ಸಪ್ಪೆ ಮುಖ ಹಾಕ್ಕೊಂಡು ಮನೇಗೇ ಬಂದಿದ್ರು. ಅವತ್ತೇ ದುಡ್ಡು ಕಟ್ಟಿದೆ. ನಿಮಗೆ ಹೇಳಿದ್ರೆ ಬೈತೀರಿ ಅಂತ ಸುಮ್ನಿದ್ದೆ."

ಆಕೆ ಮೊಳೆಬಾಯಿಯ ಕಡೆ ತಿರುಗಿ, ಎಲ್ಲಿ ನೋಯುತ್ತಿದೆಯಪ್ಪಾ ಎಂದು ಕೇಳಿದಳು. ಅವನು ಹಣ್ಣು ನುಂಗಿ ಎದ್ದು ಕೂತ.

"ನಾನು ಬಿದ್ದೇ ಇಲ್ಲ ಅಮ್ಮಾ. ಸುತ್ತಿಗೆ ಕಪಾಟಿನಡಿಗೆ ಹೋಗಿತ್ತು, ಮಲಗಿ ತೆಗೀತಿದ್ದೆ. ಕಾಲು ತಾಗಿ ಏಣಿ ಬಿತ್ತು. ಬೆಳಗ್ಗಿಂದ ಹೇಳೋಣ ಅಂದ್ರೆ ಇವ್ರು ಬಿಟ್ರೆ ತಾನೆ."

ಅಯ್ಯೋ ದೇವರೇ ಎಂದ ಯಜಮಾನ ಬಟ್ಟೆಯ ಚೂರೊಂದನ್ನು ಹಿಡಿದು ಹೊರಗೆ ಧಾವಿಸಿದ. ಬಣ್ಣ ಹಸಿಯಿರುವಾಗಲೇ ಒರೆಸಿಬಿಡಬೇಕು. ಏಣಿ ಹತ್ತಿದ, ಕೈ ಚಾಚಿದ. ಬೆಳಿಗ್ಗೆಯಿಂದ ಯಾರನ್ನೂ ಬೀಳಿಸದಿದ್ದ ಏಣಿ ಈಗ ಜಾರಿತು. ಬಿದ್ದದ್ದು ಸ್ಪಂಜಿನ ಮೇಲಲ್ಲ, ಮೆಟ್ಟಿಲ ಕಲ್ಲಿನ ಮೇಲೆ.

ಮೊಳೆಬಾಯಿ, ಟೈಲರ್, ಎದುರಿನಿಂದ ಓಡಿ ಬಂದ ಬೋರ್ಡು ಬರೆಯುವವ ಸೇರಿ ಅವನನ್ನು ಹೊತ್ತು ತಂದು ಅದೇ ಸೋಫಾದ ಮೇಲೆ ಮಲಗಿಸಿದರು. ಸೊಂಟ ಅಲುಗಾಡಿಸಲಾಗದೆ ಅವನು ನರಳಿದ.

"ವಿಮೆಯವರಿಗೆ ಫೋನ್ ಮಾಡೇ..."

"ಅದು ಕೆಲಸಗಾರರಿಗೆ ರೀ," ಎಂದಳು ಹೆಂಡತಿ, ಕಣ್ಣೊರೆಸಿಕೊಳ್ಳುತ್ತ. "ನೀವು ಮಾಲೀಕರು."

ಈ ಅಂಗಡಿಯಲ್ಲಿ ಈಗ ಇಬ್ಬರೂ ಮಾಲೀಕರೇ ಎಂದು ಟೈಲರ್ ನೆನಪಿಸಿದ. ಯಜಮಾನ ಬೋರ್ಡು ಬರೆಯುವವನ ತೋಳು ಹಿಡಿದುಕೊಂಡ.

"ಅಣ್ಣಾ, ಬೋರ್ಡಿಂದ ನನ್ನ ಹೆಸರು ತೆಗಿ. ಬೆಳಗ್ಗಿಂದ ನಾನು ಇವನ ಹತ್ರ ಕೆಲಸಕ್ಕಿದ್ದೀನಿ ಅಂತ ಬರಿ. ಎಲ್ರೂ ಕೇಳಿಸ್ಕೊಳ್ಳಿ, ನಾನು ಬಿದ್ದೆ, ನಾನು..."

ಮೊಳೆಬಾಯಿ ಉಳಿದಿದ್ದ ಒಂದು ಬಾಳೆಹಣ್ಣನ್ನು ನಿಧಾನವಾಗಿ ಸುಲಿದು ಅವನ ಬಾಯಿಗಿಟ್ಟ.

"ಏನೂ ಮಾತಾಡ್ಬೇಡಿ," ಎಂದ, "ಮಲ್ಕೊಳ್ಳಿ."