ಅಪ್ಪನ ಮೆಷಿನ್ನಿಗೆ ಬಂದ ಆಫರ್

ಅಮ್ಮ ಗೇಟಿಗೆ ಒಂದು ರಟ್ಟು ನೇತುಹಾಕಿದ್ದೇ ಎಲ್ಲಕ್ಕೂ ಮೂಲ. ‘ಹೊಲಿಗೆ ಮೆಷಿನ್ ಮಾರಾಟಕ್ಕಿದೆ’ ಎಂದು ಬರೆದು ಕೆಳಗೆ ಬೆಲೆಯನ್ನೂ ಹಾಕಿದ್ದಳು. ಅದೇ ಮೆಷಿನ್ ತುಳಿದು ಮನೆ ನಡೆಸಿದ ಅಪ್ಪ ಹೋದ ವರ್ಷ ತೀರಿಕೊಂಡಿದ್ದ. ಮಗ ಕಾಲೇಜಿನಲ್ಲಿ ಬಿಸಿನೆಸ್ ಲಾ ಓದುತ್ತಿದ್ದ. ಓದುತ್ತಿದ್ದ ಎನ್ನುವುದಕ್ಕಿಂತ ಅದರಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದ ಎನ್ನುವುದೇ ಸರಿ. ಬೀದಿಯವರು ಅವನನ್ನು ‘ವಕೀಲರೇ’ ಎಂದೇ ಕರೆಯುತ್ತಿದ್ದರು.

ಅಮ್ಮ ಸ್ನಾನಕ್ಕೆ ಹೋಗಿದ್ದಾಗ ಪಕ್ಕದ ಬೀದಿಯ ಟೈಲರ್ ಬಂದ.

“ಬೋರ್ಡಲ್ಲಿರೋ ಬೆಲೇನೇ ಕೊಡ್ತೀನಿ. ಗಾಡೀನೂ ತಂದಿದೀನಿ.”

ಮಗ ಬಾಗಿಲಿಗೆ ಅಡ್ಡ ನಿಂತ. ಮನೆಯಲ್ಲಿ ಅಪ್ಪನದೆಂದು ಉಳಿದಿದ್ದು ಅದೊಂದೇ.

“ಬೋರ್ಡ್ ಹಾಕಿದ ಮಾತ್ರಕ್ಕೆ ಮಾರಲೇಬೇಕು ಅಂತಿಲ್ಲಣ್ಣ. ಅದು ಬರೀ ಆಹ್ವಾನ. ಆಫರ್ ಕೊಡ್ತಿರೋದು ನೀವು. ಬೇಡ ಅನ್ನೋದು ನಮ್ಮ ಹಕ್ಕು.”

ಎದುರುಮನೆಯ ಮಾವ ಹಲ್ಲುಜ್ಜುತ್ತಲೇ ರಸ್ತೆ ದಾಟಿ ಬಂದರು. ಮೂಗು ತೂರಿಸುವುದಕ್ಕೆ ಕರೆ ಬರಲೆಂದು ಕಾಯುವ ಜೀವವಲ್ಲ ಅದು.

“ಬಿಡಬೇಡಿ ವಕೀಲರೇ. ಖಡಾಖಂಡಿತವಾಗಿ ಹೇಳಿಬಿಡಿ, ನಾನಿದೀನಿ ಸಾಕ್ಷಿ.”

ವಕೀಲರಿಗೆ ಹುರುಪೇರಿತು. “ನಿಮ್ಮ ಆಫರ್ ತಿರಸ್ಕರಿಸಿದೀನಿ. ತಿರಸ್ಕರಿಸಿದ ಆಫರ್ ಸತ್ತ ಹಾಗೆ. ಆಮೇಲೆ ಯಾರು ಒಪ್ಪಿದ್ರೂ ಜೀವ ಬರಲ್ಲ.”

ಟೈಲರ್ ಮೆಷಿನ್ ಕಡೆ ಒಮ್ಮೆ ನೋಡಿ ಖಾಲಿ ಗಾಡಿಯಲ್ಲಿ ಹೊರಟುಹೋದ. ಪರೀಕ್ಷೆಯಲ್ಲಿ ಕೈಕೊಟ್ಟ ಪಾಠ ಇಂದು ಕೈಹಿಡಿಯಿತೆಂದು ಮಗ ಬೀಗಿದ.

ಅಮ್ಮ ವಿಷಯ ಕೇಳಿ ಹೊಸ್ತಿಲಲ್ಲೇ ಕೂತುಬಿಟ್ಟಳು.

“ದುಡ್ಡಿಗೋಸ್ಕರ ಮಾರ್ತಿದೀನಿ ಅಂದ್ಕೊಂಡ್ಯೇನೋ? ಸಂಜೆಯಾದ್ರೆ ಅದರ ಸದ್ದು ಕೇಳಿದ ಹಾಗಾಗುತ್ತೆ. ಎದ್ದು ಹೋಗಿ ನೋಡ್ತೀನಿ, ಸ್ಟೂಲು ಖಾಲಿ. ನನ್ನ ಕೈಲಾಗ್ತಿಲ್ಲ ಕಣೋ.”

ಅವಳು ಎದ್ದು ಹೋಗುವುದನ್ನು ಅವನು ದಿನಾ ನೋಡಿದ್ದ. ನೀರು ಕುಡಿಯಲು ಹೋಗುತ್ತಾಳೆಂದುಕೊಂಡಿದ್ದ. ಚಪ್ಪಲಿಯನ್ನೂ ಮೆಟ್ಟದೆ ಟೈಲರ್ ಅಂಗಡಿಗೆ ಓಡಿದ.

“ಅಣ್ಣ, ಒಪ್ಕೊಂಡಿದೀವಿ. ತಗೊಂಡು ಹೋಗಿ.”

ಟೈಲರ್ ಗುಂಡಿ ಹೊಲಿಯುತ್ತಿದ್ದವನು ತಲೆಯೆತ್ತಲಿಲ್ಲ.

“ಸತ್ತಿದ್ದಕ್ಕೆ ಜೀವ ಬರಲ್ಲ ಅಂತ ನೀವೇ ಅಂದ್ರಲ್ಲಪ್ಪ. ಬರ್ತಾ ದಾರೀಲೇ ಅಂಗಡೀಲಿ ಬೇರೆ ಮೆಷಿನ್ ತಗೊಂಡು ಗಾಡಿಗೆ ಹಾಕ್ಕೊಂಡು ಬಂದೆ. ಇಲ್ಲಿರೋದು ಒಂದಕ್ಕೇ ಜಾಗ.”

“ಬೇರೆ ಯಾರಾದ್ರೂ...”

“ಕಾಲಲ್ಲಿ ತುಳಿಯೋದನ್ನ ಈಗ ಯಾರು ತಗೋತಾರೆ? ನಿಮ್ಮಪ್ಪನ ಹತ್ರ ಕೆಲಸ ಕಲಿತವನು ನಾನು. ಅದಕ್ಕೇ ಬಂದಿದ್ದೆ.”

ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಂಡವನ ಹಾಗೆ ಮಗ ನಡೆದುಬಂದ. ಸಂಜೆ ಅಮ್ಮ ಮೆಷಿನ್ನಿಗೆ ಹಳೆಯ ದುಪ್ಪಟಿ ಹೊದಿಸಿ, ಅದರ ಎದುರೇ ಕೂತಳು.

“ಸದ್ದು ಕೇಳದ ಹಾಗೆ ಮಾಡೋಕೆ ನಿನ್ನ ಪುಸ್ತಕದಲ್ಲಿ ಏನಾದ್ರೂ ಇದೆಯೇನೋ?”

ಮಗ ಅಂದು ಮೊದಲ ಬಾರಿಗೆ ಬಿಸಿನೆಸ್ ಲಾ ಪುಸ್ತಕವನ್ನು ಕೊನೆಯ ಪುಟದವರೆಗೂ ಓದಿದ. ಇರಲಿಲ್ಲ.